ಹುಳು ಮನೆಯ ಥಂಡಿ, ಟ್ಯೂಬ್ ಮೈಕಿನ ತುಕ್ಕು

ಫೋಟೋ 1
ಗೋಡೆಗೆ ನೇತು ಹಾಕಿರೋ ಜೋಡಿ ಥರ್ಮಾಮೀಟರ್ ನೋಡಿ. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದೆ, ಇನ್ನೊಂದು ಒಣಗಿದೆ. ನೀವು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರಾದರೆ ಹೇಳೋದೇ ಬೇಡ, ಇದು ರೇಷ್ಮೆ ಹುಳು ಸಾಕುವ ಮನೆಯ ಸಾಮಾನು. ಎರಡರ ಅಂಕಿಗಳ ನಡುವೆ ಅಂತರ ಕಡಿಮೆಯಾದಷ್ಟೂ ಗಾಳಿಯಲ್ಲಿ ತೇವ ಹೆಚ್ಚು. ಇವತ್ತಿನ ಕಥೆ ಹುಳದ್ದಲ್ಲ, ಮುಂದಿನ ಫೋಟೋದಲ್ಲಿರೋ ಸೆಕೆಂಡ್ ಹ್ಯಾಂಡ್ ಟ್ಯೂಬ್ ಮೈಕಿನದ್ದು. ಆದರೆ ಅದನ್ನ ಉಳಿಸಿಕೊಳ್ಳೋ ಪಾಠ ಈ ಗೋಡೆ ಮೇಲೇ ಇದೆ.

ಫೋಟೋ 2
ನಮ್ಮ ಕಡೆ ‘ಮೈಕ್’ ಅಂದ್ರೆ ಇಡೀ ಮೈಕ್ ಸೆಟ್. ಹಾರ್ನು, ಆಂಪ್ಲಿಫೈಯರ್, ವೈರು, ಎಲ್ಲಾ ಸೇರಿ. ಹಳೇ ಸೆಟ್ಟುಗಳಲ್ಲಿ ವಾಲ್ವ್ ಇರ್ತಿದ್ದದ್ದು ಆಂಪ್ಲಿಫೈಯರ್ ಒಳಗೆ. ಟ್ಯೂಬ್ ಮೈಕಿನಲ್ಲಿ ಮಾತ್ರ ವಾಲ್ವ್ ಮೈಕಿನ ಒಡಲೊಳಗೇ ಕೂತಿರುತ್ತೆ.

ಯಾಕೆ ಅಂತೀರಾ? 1916ರಲ್ಲಿ ಅಮೆರಿಕದ ಇ.ಸಿ. ವೆಂಟೆ ಕಂಡೆನ್ಸರ್ ಮೈಕ್ ಮಾಡಿದರು. ಅದರ ಎದೆಯಲ್ಲಿರೋದು ಒಂದು ತೆಳು ಪೊರೆ, ಅದರ ಹಿಂದೆ ಕೂದಲೆಳೆಯಷ್ಟು ಜಾಗ ಬಿಟ್ಟು ಒಂದು ಲೋಹದ ಬಿಲ್ಲೆ. ದನಿಗೆ ಪೊರೆ ಅದುರಿದಾಗ ಹುಟ್ಟೋ ವಿದ್ಯುತ್ ಎಷ್ಟು ಸೂಕ್ಷ್ಮ ಅಂದ್ರೆ, ಉದ್ದದ ವೈರಿನಲ್ಲಿ ಕಳಿಸಿದರೆ ದಾರಿಯಲ್ಲೇ ಕರಗಿಹೋಗುತ್ತೆ. ಹಾಗಾಗಿ ವಾಲ್ವ್ ಪಕ್ಕದಲ್ಲೇ ಬೇಕು. 1928ರಲ್ಲಿ ಬರ್ಲಿನ್ನಿನ ಗಿಯೋರ್ಗ್ ನಾಯ್ಮನ್ ಇಂಥ ಮೈಕನ್ನ ಮಾರುಕಟ್ಟೆಗೆ ತಂದರು. 1949ರಲ್ಲಿ ಅವರ ಹೆಸರಾಂತ ಯು 47 ಬಂತು. ಅದಕ್ಕೆ ಟೆಲಿಫಂಕನ್ ಕಂಪನಿಯ ವಿಎಫ್ 14 ವಾಲ್ವೇ ಆಗಬೇಕಿತ್ತು. ಆ ವಾಲ್ವ್ ತಯಾರಿಕೆ ನಿಂತ ಮೇಲೆ ಯು 47 ಕೂಡ ನಿಂತಿತು, 1960ರಲ್ಲಿ ಯು 67 ಆ ಜಾಗಕ್ಕೆ ಬಂತು. 60ರ ದಶಕದ ನಡುವಿನಿಂದ ಟ್ರಾನ್ಸಿಸ್ಟರ್ ಮೈಕುಗಳ ಕಾಲ.

ನಮ್ಮಲ್ಲಿ? 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದರು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಬಿಇಎಲ್, ಮುಂದಿನ ದಶಕದಲ್ಲಿ ರೇಡಿಯೋ ವಾಲ್ವ್‌ಗಳನ್ನ ಇಲ್ಲೇ ಮಾಡ್ತಿತ್ತು. ತಾತನ ರೇಡಿಯೋ ಅಟ್ಟದಲ್ಲಿದ್ದರೆ ಹಿಂಬದಿ ಇಣುಕಿ, ಬಿಇಎಲ್ ಮುದ್ರೆ ಸಿಕ್ಕರೂ ಸಿಗಬಹುದು.

ಫೋಟೋ 3
ಈಗ ಹುಳು ಮನೆಗೆ ಬನ್ನಿ. ಟಿಪ್ಪು ಕಾಲದಲ್ಲಿ ಬಂಗಾಳದ ಕಡೆಯಿಂದ ಹುಳು ತರಿಸಿದಾಗಿನಿಂದ ಮೈಸೂರು ಸೀಮೆಯ ರೈತರು ಗಾಳಿಯ ತೇವದ ಜೊತೆ ಗುದ್ದಾಡಿಕೊಂಡೇ ಬಂದಿದ್ದಾರೆ. ಚಾಕಿ ಹುಳಕ್ಕೆ ಶೇ 80ರಿಂದ 90ರಷ್ಟು ತೇವ ಬೇಕು, ಕೊನೇ ಹಂತದ ಹುಳಕ್ಕೆ ಶೇ 70ರ ಆಸುಪಾಸು ಸಾಕು. ಥಂಡಿ ಮಿತಿಮೀರಿದರೆ ಸುಣ್ಣಕಟ್ಟು ರೋಗ. ಅದಕ್ಕೇ ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಮೇಲೆ ಸುಣ್ಣದ ಪುಡಿ ಉದುರಿಸ್ತಾರೆ, ತೇವ ಹೀರಲಿ ಅಂತ.

ಹುಳಕ್ಕೆ ಹಿತವಾದ ಈ ಗಾಳಿಯೇ ಮೈಕಿಗೆ ವಿಷ. ಪೊರೆಯ ವಿದ್ಯುತ್ತನ್ನ ಹಿಡಿದಿಡೋಕೆ ಒಳಗೆ ಸುಮಾರು 10 ಕೋಟಿ ಓಮ್ ಮಟ್ಟದ ರೆಸಿಸ್ಟರ್ ಇರುತ್ತೆ. ಧೂಳು, ಎಂಜಲು ಕೂತ ಕಡೆ ತೇವ ಸೇರಿದರೆ ವಿದ್ಯುತ್ತಿಗೆ ಕಳ್ಳದಾರಿ ಸಿಕ್ಕಂಗೆ. ಆಗ ಕೇಳೋದು ಹಾಡಲ್ಲ, ಪಟಪಟ ಸದ್ದು. ನಿಧಾನಕ್ಕೆ ಹಿತ್ತಾಳೆಗೆ ಹಸಿರು ಕಿಲುಬು, ಬೆಳ್ಳಿ ಲೇಪದ ಪಿನ್ನಿಗೆ ಕಪ್ಪು, ಕಬ್ಬಿಣಕ್ಕೆ ತುಕ್ಕು. ಸಾಲದ್ದಕ್ಕೆ ಹುಳು ಮನೆ ತೊಳೆಯೋಕೆ ಬ್ಲೀಚಿಂಗ್ ಪೌಡರ್ ಬಳಸ್ತಾರೆ. ಅದರಿಂದ ಬರೋ ಕ್ಲೋರಿನ್ ತೇವದ ಜೊತೆ ಸೇರಿದರೆ ಲೋಹವನ್ನ ತಿಂದೇ ಹಾಕುತ್ತೆ.

ಫೋಟೋ 4
ಇದನ್ನ ನಾನು ಕಲಿತದ್ದು ಕಳಕೊಂಡ ಮೇಲೆ. ಮಾಗಡಿ ಕಡೆ ಒಬ್ಬರು ಅಜ್ಜಿಯ ಸೋಬಾನೆ ಪದ ರೆಕಾರ್ಡ್ ಮಾಡೋಕೆ ಹೋಗಿದ್ದೆ. ಹಿಂದಿನ ರಾತ್ರಿ ಮೈಕನ್ನ ಹುಳು ಸಾಕೋ ಕೋಣೆಯಲ್ಲೇ ಇಟ್ಟಿದ್ದೆ, ಪೆಟ್ಟಿಗೆ ಮುಚ್ಚಳ ತೆಗೆದು. ಬೆಳಿಗ್ಗೆ ಅಜ್ಜಿ ಮೂರು ಪದ ಹೇಳಿದರು. ಮನೆಗೆ ಬಂದು ಕೇಳಿದರೆ ಎರಡರ ತುಂಬಾ ಪಟಪಟ. ಮತ್ತೆ ಹೋದಾಗ “ಉಸಿರು ಹತ್ತಲ್ಲ ಮಗಾ, ಇನ್ನೊಂದಿನ ಬಾ” ಅಂದರು. ಆ ಇನ್ನೊಂದಿನ ಬರಲಿಲ್ಲ.

ಫೋಟೋ 5
ನಿಮ್ಮ ಹತ್ರ ಇಂಥ ಮೈಕ್ ಇದ್ದರೆ ಇಷ್ಟು ಮಾಡಿ.

• ಹಳೇ ಪೆಟ್ಟಿಗೆಯ ಸ್ಪಂಜು ಬೆರಳಿಗೆ ಅಂಟುತ್ತಾ, ಪುಡಿಯಾಗುತ್ತಾ? ಮೊದಲು ಅದನ್ನ ಕಿತ್ತು ಬಿಸಾಕಿ.

• ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಮೈಕ್ ಇಡಿ. ಸುಣ್ಣ ಮಾಡೋ ಕೆಲಸವನ್ನೇ ಅದು ಮಾಡುತ್ತೆ. ಸುಣ್ಣವನ್ನೇ ಹಾಕಬೇಡಿ, ಅದರ ಧೂಳು ಮೈಕನ್ನ ಕೆಡಿಸುತ್ತೆ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ, ಮತ್ತೆ ಬಳಸಿ. ಡಬ್ಬದೊಳಗೆ ಸಣ್ಣ ತೇವಮಾಪಕ ಇರಲಿ, ಶೇ 40ರಿಂದ 50ರೊಳಗೆ ಇದ್ದರೆ ನೆಮ್ಮದಿ.

• ಬಳಸಿದ ಕೂಡಲೇ ಡಬ್ಬಕ್ಕೆ ತುರುಕಬೇಡಿ, ಪೂರ್ತಿ ಆರಲಿ. ಚಳಿಯಿಂದ ಬೆಚ್ಚಗಿನ ಕೋಣೆಗೆ ತಂದಾಗ ಡಬ್ಬ ಮುಚ್ಚೇ ಇರಲಿ, ಇಲ್ಲಾಂದ್ರೆ ಇಬ್ಬನಿ ಕೂರುತ್ತೆ.

• ಹಾಡುವವರ ಬಾಯಿಗೂ ಮೈಕಿಗೂ ನಡುವೆ ಒಂದು ಪಾಪ್ ಫಿಲ್ಟರ್ ಇರಲಿ. ಎಂಜಲಿನ ಹನಿ ಅಲ್ಲೇ ನಿಲ್ಲುತ್ತೆ.

• ವೈರಿನ ಪಿನ್ನುಗಳನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ನಯವಾದ ಬಟ್ಟೆಯಲ್ಲಿ ಒರೆಸಿ. ಮರಳು ಕಾಗದ ಬೇಡ, ಲೇಪವೇ ಹೋಗುತ್ತೆ. ಪೊರೆಯನ್ನ ಮುಟ್ಟಬೇಡಿ, ಊದಲೂ ಬೇಡಿ.

• ಪವರ್ ಸಪ್ಲೈ ಪೆಟ್ಟಿಗೆಯಲ್ಲಿ 100 ವೋಲ್ಟಿಗೂ ಮೇಲೆ ಇರುತ್ತೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತೆ. ಅದನ್ನ ಬಲ್ಲವರ ಕೈಗೇ ಕೊಡಿ. ಆನ್ ಇದ್ದಾಗ ವೈರ್ ಕೀಳಬೇಡಿ.

ಫೋಟೋ 6
ಬೆಂಗಳೂರು-ಮೈಸೂರು ರಸ್ತೆಯಲ್ಲಿ ರಾಮನಗರ ದಾಟುವಾಗ ಸಿಗೋ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಅಲ್ಲಿ ನೇಗಿಲು, ಬೀಸೋಕಲ್ಲಿನ ಜೊತೆಗೆ ದನಿಗಳನ್ನೂ ಕಾಪಿಟ್ಟಿದ್ದಾರೆ. ನೇಗಿಲು ಮುರಿದರೆ ಇನ್ನೊಂದು ಮಾಡಿಸಬಹುದು. ಅಜ್ಜಿಯ ದನಿಗೆ ಎರಡನೇ ಸಲ ಇಲ್ಲ.

ನಿಮ್ಮ ಮನೆಯಲ್ಲೂ ಹಾಡೋ ಹಿರಿಯರಿದ್ದರೆ ಈ ವಾರವೇ ಕೂರಿಸಿ ಹಾಡಿಸಿ. ಅದಕ್ಕೂ ಮೊದಲು ಆ ಜೋಡಿ ಥರ್ಮಾಮೀಟರ್ ಕಡೆ ಒಮ್ಮೆ ನೋಡಿ.

#ರಾಮನಗರ #ಚನ್ನಪಟ್ಟಣ #ಕನಕಪುರ #ಮಾಗಡಿ #ಟ್ಯೂಬ್‌ಮೈಕ್ #ರೇಷ್ಮೆ