ಬಸಿರು, ಹಿಂಸೆ, ಎಣಿಕೆ: ಬೆಂಗಳೂರಿನ ಅಧ್ಯಯನಗಳ ಬೆಳಕಿನಲ್ಲಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ನಾಲ್ಕನೇ ಸುತ್ತಿನಲ್ಲಿ ಈ ಪ್ರಮಾಣ ಶೇ 20.6 ಇತ್ತು. ಇಷ್ಟು ಸಣ್ಣ ಅವಧಿಯಲ್ಲಿ ಗಂಡಸರ ಕ್ರೌರ್ಯ ಇಮ್ಮಡಿಸಿತೆಂದು ನಂಬುವುದು ಕಷ್ಟ. ಕೇಳಿದ ರೀತಿಗೂ ಹೇಳುವ ಧೈರ್ಯಕ್ಕೂ ಈ ಏರಿಕೆಯಲ್ಲಿ ಪಾಲಿರಬೇಕು. ಅದೇ ಐದನೇ ಸುತ್ತಿನಂತೆ, ಗಂಡನ ಹಿಂಸೆ ಕಂಡವರು ದೇಶದಲ್ಲಿ ಶೇ 29.3, ಬಸಿರಿನಲ್ಲಿ ಪೆಟ್ಟು ತಿಂದವರು ಶೇ 3.1 ಮಾತ್ರ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ, ಬಸುರಿಯ ಮೇಲೆ ನಮ್ಮ ಮನೆಗಳು ಕೈಮಾಡುವುದಿಲ್ಲ ಎಂದೇ ತೋರೀತು. ನಾನು ಅದನ್ನು ಒಪ್ಪಲಾರೆ.

ಪ್ರಶ್ನೆಯೇ ಕಿರಿದು. ಬಸಿರಿದ್ದಾಗ ಯಾರಾದರೂ ಹೊಡೆದರೆ, ಒದ್ದರೆ, ಮೈಗೆ ನೋವು ಮಾಡಿದರೆ ಎಂದಷ್ಟೇ ಸಮೀಕ್ಷೆ ಕೇಳುತ್ತದೆ. ಹೆಣ್ಣು ಹೆತ್ತರೆ ತವರಿನಲ್ಲೇ ಇರು ಎಂಬ ಬೆದರಿಕೆ, ಬೇಡವೆಂದರೂ ಬಿಡದ ದೇಹಸಂಬಂಧ, ಸ್ಕ್ಯಾನಿಂಗ್‌ಗೆ ಕಾಸು ಕೊಡದೆ ಸತಾಯಿಸುವುದು ಆ ಲೆಕ್ಕದಲ್ಲಿ ಇಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಾದರೋ ಮಾತಿನ, ಲೈಂಗಿಕ, ಆರ್ಥಿಕ ಕಿರುಕುಳವನ್ನೂ ಹಿಂಸೆ ಎಂದೇ ಪರಿಗಣಿಸಿದೆ. ಬೆಂಗಳೂರಿನಲ್ಲಿ ಗರ್ಭಿಣಿಯರ ತಪಾಸಣೆಗೆ ಬಂದಿದ್ದ 203 ಮಂದಿಯನ್ನು ಪ್ರಭಾ ಚಂದ್ರ ಮತ್ತು ಸಂಗಡಿಗರು ವಿಚಾರಿಸಿದಾಗ (2007ರಲ್ಲಿ ಪ್ರಕಟ) ಶೇ 14 ಮಂದಿ ದೈಹಿಕ ಹಿಂಸೆಯನ್ನೂ ಶೇ 15 ಮಂದಿ ಮಾನಸಿಕ ಹಿಂಸೆಯನ್ನೂ ಹೇಳಿಕೊಂಡರು. ಅಂಥವರಲ್ಲಿ ಖಿನ್ನತೆಯ ಲಕ್ಷಣಗಳೂ ಹೆಚ್ಚು. ಒಂದೇ ಆಸ್ಪತ್ರೆಯ ಸಣ್ಣ ಮಾದರಿಯನ್ನು ರಾಷ್ಟ್ರೀಯ ಅಂಕಿಯ ಎದುರು ನಿಲ್ಲಿಸಲಾಗದು, ನಿಜ. ಆದರೆ ಬಿಡಿಸಿ ಕೇಳಿದರೆ ಉತ್ತರ ಬದಲಾಗುತ್ತದೆ.

ಅಪಾಯಕ್ಕೆ ಕಾರಣ ಹುಡುಕುವಾಗ ಬಡತನ, ಕುಡಿತ ಎಂದು ಹೇಳಿ ಮುಗಿಸುವುದು ವಾಡಿಕೆ. ಕುಡಿತದ ಪಾತ್ರವನ್ನು ಯಾರೂ ಅಲ್ಲಗಳೆಯರು. ಆದರೆ ಸುನೀತಾ ಕೃಷ್ಣನ್ ಮತ್ತು ಸಂಗಡಿಗರು ಬೆಂಗಳೂರಿನ ಬಡ ಬಡಾವಣೆಗಳಲ್ಲಿ 16ರಿಂದ 25 ವಯಸ್ಸಿನ 744 ವಿವಾಹಿತೆಯರನ್ನು ಹಿಂಬಾಲಿಸಿ ನಡೆಸಿದ ಅಧ್ಯಯನ ಬೇರೆಯದೇ ಚಿತ್ರ ಕೊಡುತ್ತದೆ. ಅರ್ಧಕ್ಕೂ ಹೆಚ್ಚು ಮಂದಿ ಏಟು ತಿಂದವರು. ಮದುವೆಯ ನಂತರ ಮತ್ತೆ ವರದಕ್ಷಿಣೆ ಕೇಳಿದ ಮನೆಗಳಲ್ಲಿ ಹಿಂಸೆ ಹೆಚ್ಚು ಎಂಬುದರಲ್ಲಿ ಅಚ್ಚರಿಯಿಲ್ಲ. ಪ್ರೇಮವಿವಾಹವಾದವರಲ್ಲೂ ಹೆಚ್ಚು. ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಡತಿಗೂ, ಗಂಡನ ಕೆಲಸ ಡೋಲಾಯಮಾನವಾದಾಗ ಅವನ ಹೆಂಡತಿಗೂ ಅಪಾಯ ಏರುತ್ತದೆ. ದುಡಿದರೆ ಬಿಡುಗಡೆ ಎನ್ನುವ ನಮ್ಮ ಸಲೀಸು ಸೂತ್ರ ಇಲ್ಲಿ ಸೋಲುತ್ತದೆ. ಯಜಮಾನಿಕೆ ಅಲುಗಿದ ಕಡೆ ಕೈ ಮೇಲೇಳುತ್ತದೆ. ಗಾರ್ಮೆಂಟ್ಸ್ ಕೆಲಸ ಬಿಟ್ಟ ಬಸುರಿಯ ಮನೆಯಲ್ಲಿ ಸಂಬಳ ನಿಲ್ಲುತ್ತದೆ, ಖರ್ಚು ಏರುತ್ತದೆ, ಬಾಣಂತನದ ಹೊರೆ ಯಾರದೆಂಬ ಚೌಕಾಸಿ ಶುರುವಾಗುತ್ತದೆ. ಅಲುಗಾಟವೆಲ್ಲ ಒಟ್ಟಿಗೇ ಬಂದು ಬೀಳುವ ಕಾಲ ಬಸಿರು.

ಚೊಚ್ಚಲಿಗೆ ತವರಿಗೆ ಹೋಗುವ ಪದ್ಧತಿ ಕೊನೆಯ ತಿಂಗಳುಗಳಲ್ಲಿ ಒಂದಿಷ್ಟು ರಕ್ಷಣೆ ಕೊಡುತ್ತದೆ ಎಂಬುದು ನನ್ನ ಊಹೆ. ಅದೇ ಪದ್ಧತಿ, ತೊಟ್ಟಿಲು ಬಟ್ಟೆ ಬಂಗಾರದ ನೆಪದಲ್ಲಿ ಎರಡನೇ ಸುತ್ತಿನ ವಸೂಲಿಯೂ ಆಗಬಹುದು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವ ಊರಿನಲ್ಲಿ ಹೊರಗಿನವರು ಮಧ್ಯೆ ಬರುವುದಿಲ್ಲ. ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಹೆಂಡತಿಗೆ ಹೊಡೆಯಲು ಒಂದಾದರೂ ನ್ಯಾಯವಾದ ಕಾರಣವಿದೆ ಎಂದವರು ಕರ್ನಾಟಕದಲ್ಲಿ ಹೆಂಗಸರಲ್ಲಿ ಶೇ 76.9, ಗಂಡಸರಲ್ಲಿ ಶೇ 81.9. ತಪಾಸಣೆಯ ಕೋಣೆಯಲ್ಲೂ ಇದೇ ಕಾಣುತ್ತದೆ: ಕೈಮೇಲಿನ ಕಂದನ್ನು ನೋಡಿ ನರ್ಸ್ ‘ಏನಾಯ್ತಮ್ಮ?’ ಎಂದರೆ, ಪಕ್ಕದಲ್ಲಿ ಕೂತ ಅತ್ತೆ ‘ಬಚ್ಚಲಲ್ಲಿ ಜಾರಿದಳು’ ಎನ್ನುತ್ತಾಳೆ; ಸೊಸೆ ತಲೆಯಾಡಿಸುತ್ತಾಳೆ. ಈ ಅತ್ತೆಯನ್ನೇ ಒಳಗೊಳ್ಳುವ ‘ದಿಲ್ ಮಿಲ್’ ಎಂಬ ಪ್ರಯೋಗವನ್ನು ಕೃಷ್ಣನ್ ತಂಡ ಬೆಂಗಳೂರಿನ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರೊಂದಿಗೆ ಮಾಡಿತು. ಅತ್ತೆ ಸೊಸೆಯರನ್ನು ಎದುರಾಳಿಗಳೆಂದು ಮೊದಲೇ ತೀರ್ಮಾನಿಸದ ಆ ಧೋರಣೆ ನಮ್ಮ ಸಂಶೋಧನೆಗಳಲ್ಲಿ ಅಪರೂಪ.

ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ದಾಖಲಾಗುತ್ತವೆ. ತೂಕ ನೋಡುವ ನೆಪದಲ್ಲಾದರೂ ಬಸುರಿಯನ್ನು ಒಬ್ಬಳನ್ನೇ ಒಳಗೆ ಕರೆದು ಮಾತಾಡಿಸಬಹುದು. ಅವಳು ಬಾಯಿಬಿಟ್ಟರೆ ಮುಂದಿನ ದಾರಿಯೂ ಇದೆ: 2005ರ ಕಾಯ್ದೆಯಡಿ ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಹೊತ್ತಿರುವುದು ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಗೆ ಊಟ ಬಡಿಸುವ ಅಂಗನವಾಡಿಯೂ ಅವರ ಉಸ್ತುವಾರಿಯಲ್ಲೇ ಇದೆ. ಊಟದ ಹಾಜರಿಯಿಂದ, ಸಂರಕ್ಷಣಾಧಿಕಾರಿ ಬರೆಯುವ ಕೌಟುಂಬಿಕ ಘಟನಾ ವರದಿಯವರೆಗಿನ ದಾರಿ ಒಂದೇ ಕಚೇರಿಯೊಳಗೆ ಇದ್ದೂ ಬಳಕೆಗೆ ಬಂದಿಲ್ಲದಿದ್ದರೆ, ಹೊಸ ಯೋಜನೆಗಿಂತ ಮೊದಲು ಅದನ್ನು ತೆರೆಯಬೇಕು.