ತಿಮಿಂಗಿಲದ ಮನೆಯಂಗಳದಲ್ಲಿ ಹದಿನಾರು ದೋಣಿ

ಮೆಕ್ಸಿಕೊ ದೇಶದ ವಾಯವ್ಯ ಮೂಲೆಯಲ್ಲಿ ಪೆಸಿಫಿಕ್ ಸಾಗರದೊಳಕ್ಕೆ ಉದ್ದನೆಯ ಬೆರಳಿನಂತೆ ಚಾಚಿಕೊಂಡಿರುವ ಪರ್ಯಾಯ ದ್ವೀಪಕ್ಕೆ ಬಾಹಾ ಕ್ಯಾಲಿಫೋರ್ನಿಯಾ ಎಂದು ಹೆಸರು. ಅದರ ನಡುಭಾಗ ಬಹುಪಾಲು ಮರುಭೂಮಿ. ಪಾಪಾಸುಕಳ್ಳಿ, ಕಲ್ಲು, ಉಪ್ಪು ಬಿಳಿಚಿಕೊಂಡ ಬಯಲು, ಇಷ್ಟೇ. ಪಶ್ಚಿಮದ ದಂಡೆಯಲ್ಲಿ ಸಮುದ್ರವು ಕಿರಿದಾದ ಅಳಿವೆಗಳ ಮೂಲಕ ಒಳನುಗ್ಗಿ ವಿಶಾಲವಾದ ಹಿನ್ನೀರುಗಳನ್ನು ನಿರ್ಮಿಸಿದೆ. ಅಂಥವುಗಳಲ್ಲಿ ಒಂದು ಸಾನ್ ಇಗ್ನಾಸಿಯೊ.

ಜನವರಿಯಿಂದ ಏಪ್ರಿಲ್‌ವರೆಗೆ ಈ ಹಿನ್ನೀರಿನಲ್ಲಿ ಬೆಳಗಾಗುತ್ತಲೇ ಒಂದು ಬಗೆಯ ಸರದಿ ಶುರುವಾಗುತ್ತದೆ. ಪ್ರವಾಸಿಗರನ್ನು ಕೂರಿಸಿಕೊಂಡ ಸಣ್ಣ ದೋಣಿಗಳು ಅಳಿವೆಯ ಹತ್ತಿರದ ಒಂದು ಗೊತ್ತಾದ ಪ್ರದೇಶಕ್ಕೆ ಹೋಗುತ್ತವೆ. ಏಕಕಾಲಕ್ಕೆ ಅಲ್ಲಿ ಹದಿನಾರು ದೋಣಿಗಳಿಗಷ್ಟೇ ಜಾಗ. ಹದಿನೇಳನೆಯದು ಹೊರಗೆ ಕಾಯಬೇಕು. ಒಳಗಿದ್ದ ದೋಣಿಗೆ ಸಿಗುವುದು ತೊಂಬತ್ತು ನಿಮಿಷ. ಅವಧಿ ಮುಗಿದರೆ, ತಿಮಿಂಗಿಲ ಎದುರಿಗೇ ಇದ್ದರೂ, ದೋಣಿಯವನು ಮೆಲ್ಲನೆ ಹಿಂದಿರುಗುತ್ತಾನೆ. ಸಾವಿರಾರು ಮೈಲಿ ದೂರದಿಂದ ಹಣ ಕೊಟ್ಟು ಬಂದ ಪ್ರವಾಸಿಗ ಇನ್ನೈದು ನಿಮಿಷ ಎಂದು ಗೋಗರೆದರೂ ಇದು ಬದಲಾಗುವಂತಿಲ್ಲ.

ಸಣ್ಣ ದೋಣಿಯಲ್ಲಿ ಕುಳಿತು ತಿಮಿಂಗಿಲ ನೋಡುವ ಹವ್ಯಾಸ ಇಂದು ಜಗತ್ತಿನ ಅನೇಕ ಕರಾವಳಿಗಳಲ್ಲಿ ಬೆಳೆದಿದೆ. ಎಲ್ಲ ಕಡೆಯೂ ಲೆಕ್ಕ ಇಷ್ಟು ಬಿಗಿಯಾಗಿಲ್ಲ. ಸಾನ್ ಇಗ್ನಾಸಿಯೊದಲ್ಲಿ ಅದು ಬಿಗಿಯಾದುದಕ್ಕೆ ಒಂದೂವರೆ ಶತಮಾನದ ಹಿನ್ನೆಲೆ ಇದೆ. ಆ ಚರಿತ್ರೆಯ ಮೊದಲ ಅಧ್ಯಾಯದಲ್ಲೂ ಇದ್ದದ್ದು ಇಂತಹ ಸಣ್ಣ ದೋಣಿಗಳೇ. ಆದರೆ ಅವುಗಳಲ್ಲಿ ಕುಳಿತವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಈಟಿ ಇತ್ತು.

ಇಲ್ಲಿಗೆ ಬರುವುದು ಬೂದು ತಿಮಿಂಗಿಲ. ಬೆಳೆದ ಹೆಣ್ಣು 12ರಿಂದ 14 ಮೀಟರ್ ಉದ್ದ, ತೂಕ ಮೂವತ್ತು ಟನ್ನಿನ ಆಸುಪಾಸು. ಮೈಮೇಲೆ ಚಿಪ್ಪುಜೀವಿಗಳೂ ಹೇನುಗಳೂ ಅಂಟಿಕೊಂಡು, ಹಳೆಯ ಬಂಡೆಯೊಂದು ತೇಲುತ್ತಿರುವಂತೆ ಕಾಣುತ್ತದೆ. ಬೇಸಿಗೆಯಲ್ಲಿ ಅಲಾಸ್ಕಾ ಮತ್ತು ಸೈಬೀರಿಯಗಳ ನಡುವಿನ ತಣ್ಣನೆಯ ಕಡಲಿನಲ್ಲಿ, ತಳದ ಕೆಸರನ್ನು ಬಾಯಿಗೆಳೆದು ಅದರಲ್ಲಿನ ಸಿಗಡಿಯಂತಹ ಸಣ್ಣ ಜೀವಿಗಳನ್ನು ಸೋಸಿ ತಿನ್ನುವುದು ಇದರ ಕ್ರಮ. ಚಳಿ ಬಂದಾಗ ಅಮೆರಿಕದ ಕರಾವಳಿಗುಂಟ ದಕ್ಷಿಣಕ್ಕೆ ಈಜಿ ಬಾಹಾದ ಬೆಚ್ಚನೆಯ ಹಿನ್ನೀರುಗಳನ್ನು ಸೇರುತ್ತದೆ. ಹೋಗಿಬರುವ ದಾರಿ ಒಟ್ಟು 16ರಿಂದ 20 ಸಾವಿರ ಕಿಲೋಮೀಟರ್. ಮರಿ ಹುಟ್ಟುವುದು, ಮೊದಲ ಹಾಲು ಕುಡಿಯುವುದು, ಉಬ್ಬರವಿಳಿತದ ಸೆಳೆತಕ್ಕೆದುರಾಗಿ ಈಜು ಕಲಿಯುವುದು ಎಲ್ಲವೂ ಈ ಹಿನ್ನೀರಿನಲ್ಲಿ. ಹುಟ್ಟುವಾಗಲೇ ಮರಿ ನಾಲ್ಕೂವರೆ ಮೀಟರ್ ಉದ್ದ ಇರುತ್ತದೆ. ತಾಯಿಗೆ ಮಾತ್ರ ಇಲ್ಲಿ ಹೆಚ್ಚುಕಡಿಮೆ ಉಪವಾಸ. ಉತ್ತರದಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸಿ, ಅರ್ಧಕ್ಕಿಂತ ಹೆಚ್ಚು ಕೊಬ್ಬಿರುವ ಹಾಲನ್ನು ಮರಿಗೆ ಉಣಿಸಬೇಕು. ಮುಂದಿನ ಕತೆಯೆಲ್ಲ ಅರ್ಥವಾಗಬೇಕಾದರೆ ಈ ಉಪವಾಸದ ಸಂಗತಿ ನೆನಪಿರಬೇಕು.

ಮೊಲದ ಕಣ್ಣಿಗೆ ಬಿದ್ದ ಈಟಿ

ಚಾರ್ಲ್ಸ್ ಮೆಲ್ವಿಲ್ ಸ್ಕ್ಯಾಮನ್ ಅಮೆರಿಕದ ಮೇನ್ ರಾಜ್ಯದವನು, 1825ರಲ್ಲಿ ಜನಿಸಿದ ನಾವಿಕ. ತಿಮಿಂಗಿಲದ ಎಣ್ಣೆ ದೀಪಕ್ಕೂ ಯಂತ್ರಗಳಿಗೂ ಬೇಕಾಗಿದ್ದ ಕಾಲ ಅದು. 1857ರ ಚಳಿಗಾಲದಲ್ಲಿ ಆತ ‘ಬೋಸ್ಟನ್’ ಎಂಬ ಹಾಯಿಹಡಗಿನೊಂದಿಗೆ, ಸಾನ್ ಇಗ್ನಾಸಿಯೊದ ಉತ್ತರಕ್ಕಿರುವ ‘ಓಹೊ ದೆ ಲಿಯೆಬ್ರೆ’ ಎಂಬ ಇನ್ನೊಂದು ಹಿನ್ನೀರಿನ ಬಾಯಿಗೆ ಬಂದ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಹೆಸರಿಗೆ ಮೊಲದ ಕಣ್ಣು ಎಂದು ಅರ್ಥ. ಮರಳ ದಿಬ್ಬಗಳ ನಡುವೆ ದಾರಿ ಹುಡುಕಿ ಹಡಗು ಒಳಹೊಕ್ಕಾಗ ಕಂಡದ್ದು, ಮರಿಗಳೊಂದಿಗೆ ತಂಗಿದ್ದ ತಿಮಿಂಗಿಲಗಳ ಹಿಂಡು.

ಬೇಟೆ ಸುಲಭವಾಗಲಿಲ್ಲ. ಹಡಗಿನಿಂದ ಇಳಿಸಿದ ಹುಟ್ಟುದೋಣಿಗಳಲ್ಲಿ ಹತ್ತಿರ ಹೋದವರ ಮೇಲೆ ತಾಯಿ ತಿಮಿಂಗಿಲಗಳು ತಿರುಗಿಬಿದ್ದವು. ಬಾಲದ ಹೊಡೆತಕ್ಕೆ ದೋಣಿಗಳು ಒಡೆದವು, ಕೈಕಾಲು ಮುರಿದುಕೊಂಡವರ ಸಂಖ್ಯೆ ಏರಿತು. ತಿಮಿಂಗಿಲ ಹತ್ತಿರ ಬಂದರೆ ಸಾಕು, ಹೆದರಿದ ಆಳುಗಳು ನೀರಿಗೆ ಹಾರಿಕೊಳ್ಳುತ್ತಿದ್ದರಂತೆ. ಬೇಟೆಗಾರರು ಈ ಪ್ರಾಣಿಗೆ ‘ಸೈತಾನ ಮೀನು’ ಎಂದು ಹೆಸರಿಟ್ಟರು. ಮರಿಯನ್ನು ಉಳಿಸಿಕೊಳ್ಳಲು ಹೆಣಗಿದ ತಾಯಿಗೆ ಸಿಕ್ಕ ಬಿರುದು ಅದು!

ಸ್ಕ್ಯಾಮನ್ ಉಪಾಯ ಬದಲಿಸಿದ. ತಿಮಿಂಗಿಲ ಬರಲಾಗದಷ್ಟು ಆಳ ಕಡಿಮೆಯಿರುವ ಕಡೆ ದೋಣಿಗಳಿಗೆ ಲಂಗರು ಹಾಕಿಸಿ, ಪಕ್ಕದ ಆಳದ ಕಾಲುವೆಯಲ್ಲಿ ಹಾದುಹೋಗುವ ಪ್ರಾಣಿಯ ಮೇಲೆ ಸ್ಫೋಟಕ ತುಂಬಿದ ಈಟಿಗಳನ್ನು ಬಂದೂಕಿನಿಂದ ಹಾರಿಸುವ ವ್ಯವಸ್ಥೆ ಮಾಡಿದ. ಪೀಪಾಯಿಗಳು ತುಂಬಿದವು. ಜಾಗವನ್ನು ಗುಟ್ಟಾಗಿಡುವ ಪ್ರಯತ್ನ ಬಹಳ ದಿನ ನಡೆಯಲಿಲ್ಲ. ಮರುವರ್ಷ ಇತರ ಹಡಗುಗಳು ಹಿಂದೆಯೇ ಬಂದವು, ಬಳಿಕ ಸಾನ್ ಇಗ್ನಾಸಿಯೊ ಕೂಡ ಬೇಟೆಗಾರರಿಗೆ ತೆರೆಯಿತು. ಕೆಲವೇ ವರ್ಷಗಳಲ್ಲಿ ಹಿನ್ನೀರುಗಳು ಬರಿದಾದವು. ತಾಯಿ ಸತ್ತರೆ ಹಾಲಿಲ್ಲದ ಮರಿಯೂ ಉಳಿಯದು, ಹಾಗಾಗಿ ಒಂದು ಈಟಿಗೆ ಎರಡು ಜೀವ ಹೋಗುತ್ತಿತ್ತು.

ವಿಚಿತ್ರವೆಂದರೆ, ಈ ಪ್ರಾಣಿಯ ಬಗ್ಗೆ ಮೊದಲ ವಿವರವಾದ ಅಧ್ಯಯನ ಬರೆದವನೂ ಇದೇ ಸ್ಕ್ಯಾಮನ್. 1874ರಲ್ಲಿ ಸಾನ್ ಫ್ರಾನ್ಸಿಸ್ಕೊದಲ್ಲಿ ಪ್ರಕಟವಾದ, ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಕಡಲ ಸಸ್ತನಿಗಳ ಕುರಿತ ಆತನ ಗ್ರಂಥವನ್ನು ವಿಜ್ಞಾನಿಗಳು ಇಂದಿಗೂ ಉಲ್ಲೇಖಿಸುತ್ತಾರೆ. ತಾನೇ ಬರಿದು ಮಾಡಿದ ಹಿನ್ನೀರನ್ನು ನೆನೆದು, ಈ ಜೀವಿ ಅಳಿದೇ ಹೋದೀತೇ ಎಂಬ ಶಂಕೆಯನ್ನೂ ಆತ ಅದರಲ್ಲಿ ವ್ಯಕ್ತಪಡಿಸಿದ. ಪುಸ್ತಕ ಆಗ ಅಷ್ಟಾಗಿ ಮಾರಾಟವಾಗಲಿಲ್ಲ. ಇದನ್ನು ಪಶ್ಚಾತ್ತಾಪ ಎನ್ನುವವರಿದ್ದಾರೆ. ಕಸುಬುದಾರನ ಸೂಕ್ಷ್ಮ ನೋಟ ಎನ್ನುವುದೇ ಹೆಚ್ಚು ಸರಿಯಿರಬೇಕು. ಕೊಲ್ಲಲು ಕಲಿತ ಕಣ್ಣು ನೋಡಲೂ ಕಲಿತಿತ್ತು.

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬೂದು ತಿಮಿಂಗಿಲ ಮುಗಿದೇಹೋಯಿತು ಎಂದು ಅನೇಕರು ಭಾವಿಸಿದ್ದರು. 1937ರ ಅಂತರರಾಷ್ಟ್ರೀಯ ಒಪ್ಪಂದ ಅದರ ವಾಣಿಜ್ಯ ಬೇಟೆಯನ್ನು ನಿಷೇಧಿಸಿತು. 1946ರ ಒಪ್ಪಂದ ಅದನ್ನು ಮುಂದುವರಿಸಿತು. ಹಿಂಡು ನಿಧಾನವಾಗಿ ಚೇತರಿಸಿಕೊಂಡಿತು. 1950ರಲ್ಲಿ ಕ್ಯಾಲಿಫೋರ್ನಿಯದ ಸಾನ್ ಡಿಯೆಗೊ ನಗರದ ಗುಡ್ಡವೊಂದರಲ್ಲಿ ವಲಸೆ ಹೋಗುವ ತಿಮಿಂಗಿಲಗಳನ್ನು ನೋಡಲೆಂದೇ ಸಾರ್ವಜನಿಕರಿಗೆ ಜಾಗ ಮಾಡಿಕೊಡಲಾಯಿತು. ಮೊದಲ ವರ್ಷವೇ ಸುಮಾರು ಹತ್ತು ಸಾವಿರ ಜನ ಬಂದರು. 1955ರಲ್ಲಿ ಅದೇ ಊರಿನ ದೋಣಿಯೊಂದು ಒಂದು ಡಾಲರ್ ಪಡೆದು ಜನರನ್ನು ಸಮುದ್ರಕ್ಕೆ ಕರೆದೊಯ್ಯಲಾರಂಭಿಸಿತು. ಹಣ ಕೊಟ್ಟು ದೋಣಿಯಿಂದ ತಿಮಿಂಗಿಲ ನೋಡುವ ಉದ್ಯಮದ ಆರಂಭವನ್ನು ಸಾಮಾನ್ಯವಾಗಿ ಇಲ್ಲಿಂದಲೇ ಎಣಿಸುವುದು ವಾಡಿಕೆ.

ಹಲಗೆ ಬಡಿಯುತ್ತಿದ್ದ ಬೆಸ್ತರು

ಇತ್ತ ಸಾನ್ ಇಗ್ನಾಸಿಯೊದ ಬೆಸ್ತರಿಗೆ ತಿಮಿಂಗಿಲ ಇನ್ನೂ ಸೈತಾನವೇ ಆಗಿತ್ತು. ಅವರದು ‘ಪಾಂಗಾ’ ಎಂಬ ತೆರೆದ ದೋಣಿ, ಏಳು ಮೀಟರಿನ ಆಸುಪಾಸು ಉದ್ದ, ಹಿಂದೆ ಸಿಕ್ಕಿಸಿದ ಔಟ್‌ಬೋರ್ಡ್ ಎಂಜಿನ್. ನಮ್ಮ ಕರಾವಳಿಯಲ್ಲಿ ಎಂಜಿನ್ ಕಟ್ಟಿಕೊಂಡು ಮೀನಿಗೆ ಹೋಗುವ ಸಣ್ಣ ದೋಣಿಗಳನ್ನು ಕಂಡವರಿಗೆ ಅದರ ಕಲ್ಪನೆ ಬಂದೀತು. ದೋಣಿಗಿಂತ ಎರಡು ಪಟ್ಟು ಉದ್ದದ ಪ್ರಾಣಿ ಪಕ್ಕದಲ್ಲಿ ಉಸಿರುಬಿಟ್ಟರೆ ಧೈರ್ಯ ಉಳಿಯುವುದಾದರೂ ಹೇಗೆ? ಬೆಸ್ತರು ದೋಣಿಯ ಮೈಯನ್ನು ಬಡಿದು ಸದ್ದು ಮಾಡಿ ಅದನ್ನು ದೂರವಿಡಲು ನೋಡುತ್ತಿದ್ದರು.

1972ರ ಚಳಿಗಾಲದಲ್ಲಿ, ಎಲ್ಲರೂ ‘ಪಚೀಕೊ’ ಎಂದು ಕರೆಯುತ್ತಿದ್ದ ಫ್ರಾನ್ಸಿಸ್ಕೊ ಮಯೊರಾಲ್ ಎಂಬ ಬೆಸ್ತ ಜೊತೆಗಾರನೊಂದಿಗೆ ಮೀನು ಹಿಡಿಯಲು ಹೋಗಿದ್ದ. ತಿಮಿಂಗಿಲವೊಂದು ದೋಣಿಯ ಪಕ್ಕಕ್ಕೇ ಬಂದು ನಿಂತಿತು. ಅಡಿಯಿಂದ ನುಸುಳಿ ಆಚೆ ಬದಿಗೆ ಹೋಯಿತು, ಮತ್ತೆ ಬಂತು. ಹೋಗಲೊಲ್ಲದು. ಇಬ್ಬರೂ ಭಯದಿಂದ ನಡುಗುತ್ತಿದ್ದರು. ಕಡೆಗೆ ಮಯೊರಾಲ್ ಕೈ ಚಾಚಿ ಅದನ್ನು ಮುಟ್ಟಿದ. ತಿಮಿಂಗಿಲ ಅಲ್ಲೇ ಇತ್ತು, ದೋಣಿ ಮಗುಚಲಿಲ್ಲ.

ಊರಿನಲ್ಲಿ ಹೇಳಿದಾಗ ಮೊದಲು ನಂಬಿದವರು ಕಡಿಮೆ. ಆದರೆ ಮುಂದಿನ ವರ್ಷಗಳಲ್ಲಿ ಇಂತಹ ಭೇಟಿಗಳು ಹೆಚ್ಚಿದವು, ತಾಯಂದಿರು ಮರಿಗಳನ್ನೂ ದೋಣಿಯ ಬಳಿಗೆ ಕರೆತರತೊಡಗಿದರು. ವಿಜ್ಞಾನಿಗಳು ಬಂದು ಎಣಿಕೆ ಶುರುಮಾಡಿದರು. ನಿಧಾನವಾಗಿ ಓಡುವ ಔಟ್‌ಬೋರ್ಡ್ ಎಂಜಿನ್ನಿನ ಸದ್ದು ಅವುಗಳನ್ನು ಸೆಳೆಯುತ್ತದೆ ಎಂಬುದು ಒಂದು ವಿವರಣೆ. ಮೈ ಉಜ್ಜಿಕೊಳ್ಳಲು ಎಂಬುದು ಇನ್ನೊಂದು, ಬರಿಯ ಆಟ ಎಂಬುದು ಮತ್ತೊಂದು. ಪ್ರವಾಸಿಗರಿಗೆ ಹೆಚ್ಚು ಪ್ರಿಯವಾದ ಮಾತು ಬೇರೆಯೇ ಇದೆ: ತಿಮಿಂಗಿಲಗಳು ಮನುಷ್ಯನನ್ನು ಕ್ಷಮಿಸಿವೆ ಎಂಬುದು. ಕೇಳಲು ಹಿತವಾಗಿದೆ. ಆದರೆ ಸ್ಕ್ಯಾಮನ್ನನ ಈಟಿ ಕಂಡ ತಿಮಿಂಗಿಲಗಳಾವುವೂ 1972ರಲ್ಲಿ ಬದುಕಿದ್ದಿರಲಾರವು. ಕ್ಷಮೆಗಿಂತ, ಈ ಹಿನ್ನೀರಿನಲ್ಲಿ ದಶಕಗಳ ಕಾಲ ಯಾರೂ ಈಟಿ ಎಸೆಯಲಿಲ್ಲವೆಂಬುದೇ ಇಲ್ಲಿ ಮುಖ್ಯವಾಗಿ ತೋರುತ್ತದೆ.

ಸುದ್ದಿ ಹರಡಿದಂತೆ ಸಾನ್ ಡಿಯೆಗೊದಿಂದ ಪ್ರವಾಸಿ ಹಡಗುಗಳು ಬಂದವು. ಮತ್ತೆ ಅದೇ ಪ್ರಶ್ನೆ ಹೊಸ ವೇಷದಲ್ಲಿ ಎದುರಾಯಿತು. ಗುಟ್ಟು ಬಯಲಾದೊಡನೆ ಎಲ್ಲರೂ ನುಗ್ಗಿದ್ದರಿಂದಲೇ ಹತ್ತೊಂಬತ್ತನೆಯ ಶತಮಾನದಲ್ಲಿ ಹಿನ್ನೀರು ಬರಿದಾದದ್ದು. ಪ್ರೀತಿಯಿಂದ ನುಗ್ಗಿದರೂ ನುಗ್ಗುವುದು ನುಗ್ಗುವುದೇ. ಅಟ್ಟಿಸಿಕೊಂಡು ಬರುವ ದೋಣಿಯಿಂದ ತಪ್ಪಿಸಿಕೊಳ್ಳಲು ತಾಯಿ ಪ್ರತಿಸಲ ವೇಗವಾಗಿ ಈಜಿದಾಗಲೂ ಕರಗುವುದು, ಮರಿಗೆ ಹಾಲಾಗಬೇಕಾದ ಕೊಬ್ಬು. ಉತ್ತರಕ್ಕೆ ಹಿಂದಿರುಗುವ ದಾರಿಯ ಬುತ್ತಿಯೂ ಅದೇ.

ಮೆಕ್ಸಿಕೊ ಸರ್ಕಾರ 1972ರಲ್ಲಿಯೇ ಓಹೊ ದೆ ಲಿಯೆಬ್ರೆಯನ್ನು ತಿಮಿಂಗಿಲಗಳ ಆಶ್ರಯತಾಣವೆಂದು ಘೋಷಿಸಿತ್ತು. 1979ರಲ್ಲಿ ಸಾನ್ ಇಗ್ನಾಸಿಯೊ ಆ ಪಟ್ಟಿಗೆ ಸೇರಿತು. 1988ರಲ್ಲಿ ಸುತ್ತಲ ಮರುಭೂಮಿಯೂ ಸೇರಿ ಎಲ್ ವಿಸ್ಕೈನೊ ಜೀವಗೋಲ ಮೀಸಲು ಪ್ರದೇಶವಾಯಿತು. 1993ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ಬಂತು. ಕಾಗದದ ಮೇಲಿನ ಈ ಘೋಷಣೆಗಳಿಗೆ ಜೀವ ಬಂದದ್ದು ಬೆಸ್ತರ ಕುಟುಂಬಗಳೇ ದೋಣಿ ನಡೆಸುವವರಾಗಿ ನಿಂತಾಗ. ಹೊರಗಿನ ಹಡಗು ಒಂದು ಜಾಗ ಕೆಟ್ಟರೆ ಇನ್ನೊಂದಕ್ಕೆ ಹೋಗಬಹುದು. ಅವರಿಗೆ ಇನ್ನೊಂದು ಜಾಗವಿರಲಿಲ್ಲ.

ಹೀಗೆ ರೂಪುಗೊಂಡ ಕಟ್ಟಳೆಗಳು ನೋಡಲು ಸರಳ. ಹಿನ್ನೀರಿನ ಒಳಭಾಗ, ಅಂದರೆ ಹೆರಿಗೆಯ ಕೋಣೆ, ತಿಮಿಂಗಿಲಗಳಿಗೆ ಬಿಟ್ಟದ್ದು. ಅಲ್ಲಿಗೆ ಪ್ರವಾಸಿ ದೋಣಿ ಹೋಗುವಂತಿಲ್ಲ. ನೋಡುವ ಪ್ರದೇಶದಲ್ಲಿಯೂ ನಿಧಾನಗತಿ. ಎದುರಿನಿಂದ ಅಡ್ಡಗಟ್ಟದೆ ಹಿಂಬದಿಯಿಂದ ಓರೆಯಾಗಿ ಸಾಗಬೇಕು. ತಾಯಿ ಮತ್ತು ಮರಿಯ ನಡುವೆ ದೋಣಿ ನುಗ್ಗಿಸಬಾರದು, ಒಂದೇ ಪ್ರಾಣಿಯನ್ನು ಹಲವು ದೋಣಿಗಳು ಮುತ್ತಬಾರದು. ಒಂದಿಷ್ಟು ದೂರದಲ್ಲೇ ಎಂಜಿನ್ನನ್ನು ನ್ಯೂಟ್ರಲ್‌ಗೆ ತಂದು ಕಾಯಬೇಕು. ಪೂರ್ತಿ ಆರಿಸುವುದಿಲ್ಲ, ದೋಣಿ ಎಲ್ಲಿದೆಯೆಂದು ತಿಮಿಂಗಿಲಕ್ಕೆ ಸದ್ದಿನಿಂದ ತಿಳಿಯಲಿ ಎಂದು. ಅಲ್ಲಿಂದ ಮುಂದಿನ ತೀರ್ಮಾನ ಅದರದು. ಬಂದರೆ ಬಂತು, ಇಲ್ಲವಾದರೆ ಇಲ್ಲ. ಮುಟ್ಟುವುದನ್ನು ಒಪ್ಪದ ಸಂರಕ್ಷಣಾವಾದಿಗಳೂ ಇದ್ದಾರೆ, ಕಾಡುಪ್ರಾಣಿಯನ್ನು ಪಳಗಿಸಿದಂತಾಗುತ್ತದೆ ಎಂಬುದು ಅವರ ಆಕ್ಷೇಪ. ಅದು ತಳ್ಳಿಹಾಕುವಂತಹದಲ್ಲ. ಆದರೆ ಹಾನಿ ಹೆಚ್ಚಾಗುವುದು ಕೈ ಸೋಕಿದ್ದರಿಂದಲ್ಲ, ಬೆನ್ನಟ್ಟಿದ್ದರಿಂದ. ಕಟ್ಟಳೆಗಳ ಒತ್ತು ಅಲ್ಲೇ ಇರುವುದು ಸರಿಯಾಗಿಯೇ ಇದೆ.

ಈ ಜೀವನೋಪಾಯಕ್ಕೆ ದೊಡ್ಡ ಪರೀಕ್ಷೆ ಬಂದದ್ದು ಉಪ್ಪಿನ ರೂಪದಲ್ಲಿ. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಸಮುದ್ರದ ನೀರನ್ನು ಆಗರಗಳಿಗೆ ಹಾಯಿಸಿ ಬಿಸಿಲಿಗೆ ಉಪ್ಪು ತೆಗೆಯುವುದನ್ನು ಅನೇಕರು ಕಂಡಿರಬಹುದು. ಅದೇ ವಿಧಾನವನ್ನು ಊಹೆಗೆ ನಿಲುಕದಷ್ಟು ದೊಡ್ಡದು ಮಾಡಿದರೆ ಓಹೊ ದೆ ಲಿಯೆಬ್ರೆಯ ದಡದ ಗೆರೆರೊ ನೆಗ್ರೊ ಊರಿನ ಉಪ್ಪಿನ ಕಾರ್ಖಾನೆ. ಮೆಕ್ಸಿಕೊ ಸರ್ಕಾರದ ಶೇ. 51 ಮತ್ತು ಜಪಾನಿನ ಮಿತ್ಸುಬಿಷಿಯ ಶೇ. 49 ಪಾಲಿದ್ದ ಈ ಕಂಪೆನಿ 1990ರ ದಶಕದ ನಡುವಿನಲ್ಲಿ ಸಾನ್ ಇಗ್ನಾಸಿಯೊದ ಪಕ್ಕದಲ್ಲಿಯೂ ಅಂತಹದನ್ನು ಕಟ್ಟಲು ಮುಂದಾಯಿತು. ಕಂಪೆನಿಯ ವಾದದಲ್ಲೂ ತಿರುಳಿತ್ತು. ಹಳೆಯ ಕಾರ್ಖಾನೆಯ ಬಳಿಯ ಹಿನ್ನೀರಿಗೆ ತಿಮಿಂಗಿಲಗಳು ದಶಕಗಳಿಂದ ಬರುತ್ತಲೇ ಇದ್ದವು. 1995ರಲ್ಲಿ ಪರಿಸರ ಇಲಾಖೆ ಯೋಜನೆಯನ್ನು ತಿರಸ್ಕರಿಸಿದರೂ ಪ್ರಯತ್ನ ನಿಲ್ಲಲಿಲ್ಲ. ಕವಿ ಹೊಮೆರೊ ಅರಿದ್ಜಿಸ್ ಮತ್ತಿತರರು ಹೂಡಿದ ವಿರೋಧ ಮೆಕ್ಸಿಕೊದ ಗಡಿ ದಾಟಿ ಬೆಳೆಯಿತು. ಅಧ್ಯಕ್ಷ ಅರ್ನೆಸ್ಟೊ ಝೆಡಿಲ್ಲೊ ಕುಟುಂಬದೊಂದಿಗೆ ಹಿನ್ನೀರಿಗೆ ಬಂದು ನೋಡಿ ಹೋದರು. 2000ದ ಮಾರ್ಚ್ 2ರಂದು ಯೋಜನೆ ರದ್ದಾಯಿತು. 2005ರಲ್ಲಿ ಅಲ್ಲಿನ ಲೂಯಿಸ್ ಎಚೆವೆರಿಯಾ ಎಂಬ ಭೂಸಮುದಾಯ ಸುಮಾರು 48 ಸಾವಿರ ಹೆಕ್ಟೇರ್ ನೆಲವನ್ನು ಉದ್ಯಮಕ್ಕೆ ಕೊಡುವುದಿಲ್ಲವೆಂದು ಒಪ್ಪಂದ ಬರೆದುಕೊಟ್ಟಿತು. ಅದಕ್ಕೆ ಪ್ರತಿಯಾಗಿ ಊರಿನ ಅಭಿವೃದ್ಧಿಗೆ ವರ್ಷಕ್ಕೆ 25 ಸಾವಿರ ಡಾಲರ್.

ಇಷ್ಟೆಲ್ಲ ಆದ ಮೇಲೂ ದೋಣಿಯವರ ಕೈಮೀರಿದ ಸಂಗತಿಯೊಂದಿದೆ. 2016ರಲ್ಲಿ ಈ ಹಿಂಡಿನಲ್ಲಿ ಸುಮಾರು 27 ಸಾವಿರ ತಿಮಿಂಗಿಲಗಳಿದ್ದವೆಂಬ ಅಂದಾಜಿತ್ತು. 2019ರ ಬಳಿಕ ಬಡಕಲಾದ ಪ್ರಾಣಿಗಳು ದಡಕ್ಕೆ ಬಂದು ಸಾಯತೊಡಗಿದವು. 2023ರವರೆಗೆ ಮೆಕ್ಸಿಕೊ, ಅಮೆರಿಕ, ಕೆನಡಾ ತೀರಗಳಲ್ಲಿ ದಾಖಲಾದದ್ದು 690. ಉತ್ತರದ ಕಡಲು ಬಿಸಿಯೇರಿ, ಮಂಜುಗಡ್ಡೆ ಹಿಂಜರಿದು, ತಳದ ಕೆಸರಿನ ಆಹಾರ ಏರುಪೇರಾದದ್ದೇ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. 2025ರ ಅಂದಾಜು ಸುಮಾರು 13 ಸಾವಿರ. ಆ ವರ್ಷ ಕ್ಯಾಲಿಫೋರ್ನಿಯದ ಕರಾವಳಿಯಲ್ಲಿ ಉತ್ತರಕ್ಕೆ ಹೋಗುವಾಗ ಎಣಿಕೆಗೆ ಸಿಕ್ಕ ಮರಿಗಳು ಕೇವಲ 85ರಷ್ಟು. ಹೊಟ್ಟೆ ತುಂಬದೆ ಬಂದ ತಾಯಿಗೆ ಹಿನ್ನೀರಿನ ಉಪವಾಸ ಇನ್ನಷ್ಟು ದುಬಾರಿ. ದೋಣಿಯೊಂದು ಸುಮ್ಮನೆ ನಿಂತು ಉಳಿಸುವ ಕೊಬ್ಬಿಗೆ ಈಗ ಹಿಂದೆಂದಿಗಿಂತ ಬೆಲೆ ಹೆಚ್ಚು.

ಪಚೀಕೊ ಮಯೊರಾಲ್ 2013ರಲ್ಲಿ ತೀರಿಕೊಂಡರು. ಅವರ ಮಕ್ಕಳು ಅದೇ ಹಿನ್ನೀರಿನಲ್ಲಿ ಅದೇ ಕಸುಬು ಮುಂದುವರಿಸಿದರು. ಏಪ್ರಿಲ್ ಕೊನೆಗೆ ತಡವಾಗಿ ಹೊರಡುವ ತಾಯಿ-ಮರಿಗಳೂ ಅಳಿವೆ ದಾಟಿದ ಮೇಲೆ ಪಾಂಗಾಗಳಿಂದ ಪ್ರವಾಸಿಗರು ಇಳಿಯುತ್ತಾರೆ, ಬಲೆಗಳು ಹತ್ತುತ್ತವೆ.