ಅಣ್ಣನ ವಿಮಾನ, ನನ್ನ ಹಿಟ್ಟಿನ ಕೈ

ಮೊನ್ನೆ ದಾವಣಗೆರೆಯ ನಮ್ಮ ಮನ್ಯಾಗ ಕಪಾಟಿಗೆ ಹೊಡೆಸಿದ ಪಾಲಿಶ್ ಮಳೆಗೆ ಬಿಳಿ ಮಬ್ಬಾತು. ಹರಿಹರದ ತವರುಮನಿ ನೆನಪಾತು ನೋಡ್ರಿ.

ನಮ್ಮಣ್ಣ ಅಲ್ಲಿ ಬಾಲ್ಸಾ ಕಡ್ಡಿ, ತೆಳು ಕಾಗದದಿಂದ ಸಣ್ಣ ವಿಮಾನ ಕಟ್ಟಿ ಡೋಪ್ ಹಚ್ಚಿದ್ದ. ಡೋಪ್ ಅಂದ್ರೆ ಹತ್ತಿಯೊಳಗಿನ ಸೆಲ್ಯುಲೋಸನ್ನ ಆಮ್ಲದಾಗ ಹದಮಾಡಿ, ಥಿನ್ನರಿನಾಗ ಕರಗಿಸಿದ್ದು. ಒಣಗಿದ್ರೆ ಕಾಗದ ಹಲಗೆಯ ಚರ್ಮದಂಗೆ ಬಿಗೀತೈತಿ. ನಮ್ಮ ಹೊಳಿ ಆಚೆ ಕುಮಾರಪಟ್ಟಣದ ಕಾರ್ಖಾನ್ಯಾಗ ಮರದಿಂದ ತೆಗೆಯೋದೂ ಸೆಲ್ಯುಲೋಸೇ. ಮೊದಲನೇ ಮಹಾಯುದ್ಧದ ವಿಮಾನಗಳಿಗೆ ಬಟ್ಟೆ ಹೊದಿಸಿ ಇಂಥ ಡೋಪೇ ಬಳೀತಿದ್ರು. ಬೆಂಗಳೂರಿನ ಎಚ್‌ಎಎಲ್ 1958ರಾಗ ಹಾರಿಸಿದ ಪುಷ್ಪಕ್‌ಗೂ ಬಟ್ಟೆ ಹೊದಿಕೆನೇ.

ಆಷಾಢದ ಜಿಟಿಜಿಟಿ ಮಳೆ. ಹಚ್ಚಿದ ಸ್ವಲ್ಪ ಹೊತ್ತಿಗೇ ಕೆಂಪು ರೆಕ್ಕೆ ಬೂದಿ ಬಡಿದಂಗೆ ಬಿಳಿಚಿತು. ರೊಟ್ಟಿ ಬಡೀತಿದ್ದ ನನ್ನ ಕೈ ನೋಡಿ, "ನೀನೇ ಹಿಟ್ಟಿನ ಕೈಲೆ ಮುಟ್ಟೀಯ" ಅಂದ. ಆಮ್ಯಾಲೆ ಮಾತಿಲ್ಲ. ಪಂಚಮಿಗೆ ಜೋಕಾಲಿ ಕಟ್ಟಾಕೂ ಒಲ್ಲೆ ಅಂದ.

ಬಿಡಿಸಿ ಹೇಳಿದ್ದು ಓಣಿಯಾಗ ಕಾರಿಗೆ ಪೇಂಟ್ ಹೊಡೀತಿದ್ದ ಕಾಕಾ. ಸೂಜಿ ಚುಚ್ಚೋ ಮುಂಚೆ ಸ್ಪಿರಿಟ್ ಒರೆಸಿದ್ರೆ ತಣ್ಣಗಾಗತೈತಲ್ಲ, ಹಂಗೇ ಥಿನ್ನರ್ ಆರೋವಾಗ ರೆಕ್ಕೆನೂ ತಣ್ಣಗಾಗತೈತಿ. ಗಾಳಿಯ ತೇವ ಅದರ ಮೇಲೆ ಕೂತು ಡೋಪ್ ಒಡೆದ ಹಾಲಿನಂಗೆ ಆಗತೈತಿ. ಬಿಸಿಲು ಬಿದ್ದ ದಿನ ಕಾಕಾ ನಿಧಾನ ಆರೋ ಥಿನ್ನರ್, ರಿಟಾರ್ಡರ್ ಅಂತಾರೆ, ಅದನ್ನ ಬೆರೆಸಿ ತೆಳ್ಳಗೆ ಒಂದು ಕೈ ಹೊಡೆದ್ರು. ಡೋಪ್ ಮೆತ್ತಗಾಗಿ, ತೇವ ಹೋಗಿ, ಕೆಂಪು ತಿರುಗಿ ಬಂತು. ಒಲೆ ಹತ್ರ ಮಾತ್ರ ಬೇಡ್ರೆವ್ವ, ಭಗ್ ಅಂತ ಹತ್ತಿಕೊಳ್ತೈತಿ.

ಅಣ್ಣ ತಪ್ಪಾತು ಅನ್ನಲಿಲ್ಲ. ಸಂಜಿಮುಂದ ಅಟ್ಟದ ಮೇಲೆ ಹಗ್ಗ ಹುಡುಕ್ತಿದ್ದ.